ಬೀದರ್‌ಗೂ ಡೆಲಿವರಿ ಫ್ರೀ ಆಗಿದ್ದು ಯಾಕೆ? ಕಂಪ್ಯೂಟರ್ ಷರತ್ತನ್ನು ಓದುವ ಬಗೆ

ಪ್ರಶ್ನೆ: ನಮ್ಮದು ಸಣ್ಣ ಬಟ್ಟೆ ಅಂಗಡಿ. ಆರ್ಡರ್ ಲೆಕ್ಕ ಇಡಲು ನಾನೇ ಪೈಥಾನ್ ಕಲಿತು ಒಂದು ಪ್ರೋಗ್ರಾಂ ಬರೆದಿದ್ದೇನೆ. ಮೈಸೂರು ಮತ್ತು ಮಂಡ್ಯದವರಿಗೆ ಮಾತ್ರ ಡೆಲಿವರಿ ಫ್ರೀ. ಅದಕ್ಕೆ "ಊರು ಮೈಸೂರು ಅಥವಾ ಮಂಡ್ಯ ಆಗಿದ್ದರೆ" ಅಂತ ಷರತ್ತು ಹಾಕಿದೆ. ಬೀದರ್‌ನವರಿಗೂ ಫ್ರೀ ಬಂತು! ಬ್ರಾಕೆಟ್ ಹಾಕಿ ನೋಡಿದೆ. ಈಗ ಮೈಸೂರಿಗೆ ಫ್ರೀ, ಮಂಡ್ಯಕ್ಕೆ ದುಡ್ಡು. ಎರರ್ ಮಾತ್ರ ಒಂದೂ ಬರಲಿಲ್ಲ. ಕಂಪ್ಯೂಟರ್ ಇಂಥ ಸಾಲನ್ನು ಹೇಗೆ ಓದುತ್ತದೆ? ಶಾಲೆಯಲ್ಲಿ ಕಲಿತ ಬೋಡ್‌ಮಾಸ್ ಇಲ್ಲೂ ನಡೆಯುತ್ತಾ? ಜಾಸ್ತಿ ಬ್ರಾಕೆಟ್ ಹಾಕಿದರೆ ಪ್ರೋಗ್ರಾಂ ನಿಧಾನ ಆಗುತ್ತಾ?

ಉತ್ತರ: ನೀವು ಕಳಿಸಿದ ಎರಡು ಸಾಲುಗಳನ್ನೂ ಕೆಳಗೆ ಕೊಟ್ಟಿದ್ದೇನೆ. ಓದಲು ಸುಲಭವಾಗಲಿ ಅಂತ ಕೀವರ್ಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ: ಇಫ್ ಅಂದರೆ "ಆಗಿದ್ದರೆ", ಆರ್ ಅಂದರೆ "ಅಥವಾ". ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. "ಊರು" ಎಂಬ ವೇರಿಯಬಲ್ ಹೆಸರನ್ನು ಮಾತ್ರ ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಅದನ್ನು ಒಪ್ಪುತ್ತದೆ.

ಇಫ್ ಊರು == "ಮೈಸೂರು" ಆರ್ "ಮಂಡ್ಯ":

ಇಫ್ ಊರು == ("ಮೈಸೂರು" ಆರ್ "ಮಂಡ್ಯ"):

ಮೊದಲನೇ ಸಾಲು ನೋಡೋಣ. ನಾವು ಅದನ್ನು ಓದುವಾಗ "ಮೈಸೂರು ಅಥವಾ ಮಂಡ್ಯ" ಒಂದು ಜೋಡಿಯಾಗಿ ಕಿವಿಗೆ ಬೀಳುತ್ತದೆ. ಮಾತಿನಲ್ಲಿ ಹಾಗೇ ಹೇಳುವುದು ನಾವು. "ಮೈಸೂರಾದ್ರೂ ಸರಿ, ಮಂಡ್ಯ ಆದ್ರೂ ಸರಿ" ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಪೈಥಾನ್ ಈ ಸಾಲನ್ನು ವಾಕ್ಯದ ಹಾಗೆ ಓದುವುದೇ ಇಲ್ಲ. ಮೊದಲು ಅದನ್ನು ಚೂರು ಚೂರು ಮಾಡುತ್ತದೆ: ಊರು, ಎರಡು ಸಮ ಚಿಹ್ನೆ, "ಮೈಸೂರು", ಆರ್, "ಮಂಡ್ಯ". ಈ ಚೂರುಗಳಿಗೆ ಟೋಕನ್ ಅಂತಾರೆ. ಆಮೇಲೆ ಆ ಚೂರುಗಳಿಂದ ಒಂದು ಮರ ಕಟ್ಟುತ್ತದೆ. ಬೇರು ಮೇಲೆ, ಎಲೆ ಕೆಳಗೆ ಇರುವ ತಲೆಕೆಳಗಾದ ಮರ. ನಿಮ್ಮ ಸಾಲಿನ ಮರ ಹೀಗಿದೆ:

ಆರ್
├─ ==
│   ├─ ಊರು
│   └─ "ಮೈಸೂರು"
└─ "ಮಂಡ್ಯ"

ಇದನ್ನು ಒಂದು ನಿಮಿಷ ನೋಡಿ. ಸಮ ಚಿಹ್ನೆಯ ಹಿಡಿತ ಬಿಗಿ, ಆರ್‌ನ ಹಿಡಿತ ಸಡಿಲ. ಹಾಗಾಗಿ ಎರಡಕ್ಕೂ ನಡುವೆ ಸಿಕ್ಕಿದ "ಮೈಸೂರು" ಸಮ ಚಿಹ್ನೆಯ ಪಾಲಾಯಿತು. "ಮಂಡ್ಯ" ಒಂಟಿಯಾಗಿ ಆರ್‌ನ ಬಲಗಡೆ ಉಳಿಯಿತು. ಅದನ್ನು ಊರಿನ ಜೊತೆ ಯಾರೂ ಹೋಲಿಸುತ್ತಲೇ ಇಲ್ಲ.

ಈಗ ಬೀದರ್‌ನ ಆರ್ಡರ್ ಬಂತು ಅನ್ನಿ. ಎಡಗಡೆ: ಬೀದರ್ ಮೈಸೂರಿಗೆ ಸಮವೇ? ಅಲ್ಲ. ಎಡಗಡೆ ಸುಳ್ಳಾದಾಗ ಆರ್ ಬಲಗಡೆಗೆ ಹೋಗುತ್ತದೆ. ಅಲ್ಲಿ "ಮಂಡ್ಯ" ಎಂಬ ಪದ ಸುಮ್ನೆ ಕೂತಿದೆ. ಪೈಥಾನ್ ಪ್ರಕಾರ ಖಾಲಿ ಇಲ್ಲದ ಯಾವ ಪಠ್ಯವೂ ನಿಜ. ಖಾಲಿ ಪಠ್ಯ, ಸೊನ್ನೆ, ಖಾಲಿ ಪಟ್ಟಿ, ನನ್ (ಬೆಲೆಯೇ ಇಲ್ಲ ಅನ್ನುವ ಗುರುತು) ಇಂಥವು ಮಾತ್ರ ಸುಳ್ಳು. "ಮಂಡ್ಯ" ಖಾಲಿ ಅಲ್ಲ. ಆದ್ದರಿಂದ ಷರತ್ತು ನಿಜ, ಡೆಲಿವರಿ ಫ್ರೀ. ಬೀದರ್ ಇರಲಿ, ಊರಿನ ಜಾಗದಲ್ಲಿ ಏನೇ ಬರೆದರೂ ಫ್ರೀ.

ಎರಡನೇ ಸಾಲಿನಲ್ಲಿ ಬ್ರಾಕೆಟ್ ಹಾಕಿ ಜೋಡಿಯನ್ನು ಒಟ್ಟಿಗೆ ತಂದಿರಿ. ನಿಮ್ಮ ಅಂದಾಜು ಸರಿಯಾದ ದಿಕ್ಕಿನಲ್ಲೇ ಇತ್ತು. ಮರದ ಆಕಾರ ಬದಲಾಯಿತು: ಈಗ ಬೇರಿನಲ್ಲಿ ಸಮ ಚಿಹ್ನೆ, ಅದರ ಬಲಗಡೆಯ ಕೊಂಬೆಯಲ್ಲಿ ಆರ್. ಆದರೆ ಆರ್‌ಗೆ ಇನ್ನೊಂದು ಗುಣವಿದೆ, ಅದನ್ನು ಹೇಳಿಕೊಡುವವರು ಕಡಿಮೆ. ಪೈಥಾನ್‌ನಲ್ಲಿ ಆರ್ ನಿಜ ಅಥವಾ ಸುಳ್ಳು ಅಂತ ಉತ್ತರ ಕೊಡುವುದಿಲ್ಲ. ತನ್ನ ಎರಡು ಮಕ್ಕಳಲ್ಲಿ ಒಂದನ್ನು ಹಾಗೇ ಎತ್ತಿ ಕೊಡುತ್ತದೆ. ಎಡಗಡೆಯದು ನಿಜ ಅನ್ನಿಸಿದರೆ ಅದನ್ನೇ, ಇಲ್ಲವಾದರೆ ಬಲಗಡೆಯದನ್ನು. "ಮೈಸೂರು" ಖಾಲಿ ಅಲ್ಲವಾದ್ದರಿಂದ ಬ್ರಾಕೆಟ್‌ನ ಉತ್ತರ ಯಾವಾಗಲೂ "ಮೈಸೂರು". ಉಳಿದದ್ದು ಊರು == "ಮೈಸೂರು" ಅಷ್ಟೇ. ಮಂಡ್ಯದವರು ದುಡ್ಡು ಕೊಡಬೇಕಾಗಿ ಬಂದದ್ದು ಹೀಗೆ.

ನಿಮಗೆ ಬೇಕಾದದ್ದು ಇದು (ಇನ್ ಅಂದರೆ "ಈ ಪಟ್ಟಿಯ ಒಳಗೆ ಇದ್ದರೆ"):

ಇಫ್ ಊರು ಇನ್ ("ಮೈಸೂರು", "ಮಂಡ್ಯ"):

ಒಂದು ಎಚ್ಚರಿಕೆ. ನಾಳೆ ಮಂಡ್ಯವನ್ನು ತೆಗೆದು ಮೈಸೂರು ಒಂದನ್ನೇ ಬ್ರಾಕೆಟ್‌ನಲ್ಲಿ ಬಿಟ್ಟರೆ, ಕೊನೆಯ ಕಾಮಾ ಇರಲೇಬೇಕು. ಕಾಮಾ ಇಲ್ಲದಿದ್ದರೆ ಅದು ಪಟ್ಟಿ ಅಲ್ಲ, ಬರೀ ಪದ. ಆಗ ಇನ್ "ಈ ಪದದ ಒಳಗೆ ಆ ಅಕ್ಷರಗಳು ಇವೆಯಾ" ಅಂತ ಹುಡುಕುತ್ತದೆ. "ಸೂರು" ಅಂತ ಬರೆದರೂ ನಿಜ, ಊರಿನ ಜಾಗ ಖಾಲಿ ಬಿಟ್ಟರೂ ನಿಜ. ಚೌಕ ಬ್ರಾಕೆಟ್ ಬಳಸಿದರೆ ಈ ಕಾಟ ಇಲ್ಲ. ನಾನು ಹೊಸಬರಿಗೆ ಚೌಕವನ್ನೇ ಹೇಳುತ್ತೇನೆ.

ಊರಿನ ಹೆಸರು ಕನ್ನಡದಲ್ಲಿ ಇದೆ ಅಂದಮೇಲೆ ಇನ್ನೊಂದು ವಿಷಯ ಹೇಳಲೇಬೇಕು. ಬೀದರ್ ಪದವನ್ನೇ ತೆಗೆದುಕೊಳ್ಳಿ. "ಬೀ" ಅಕ್ಷರದ ದೀರ್ಘವನ್ನು ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಲ್ಲಿ, ಎರಡು ರೀತಿ ಇಡಬಹುದು. ಇಡೀ ದೀರ್ಘ ಗುಣಿತವೇ ಒಂದು ಸಂಕೇತವಾಗಿ, ಅಥವಾ ಗುಡಿಸು ಒಂದು ಮತ್ತು ದೀರ್ಘದ ಕೊಂಡಿ ಒಂದು, ಹೀಗೆ ಎರಡು ಸಂಕೇತವಾಗಿ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಉದ್ದ ಕೇಳಿದರೆ ಪೈಥಾನ್ ಒಂದಕ್ಕೆ 5, ಇನ್ನೊಂದಕ್ಕೆ 6 ಅನ್ನುತ್ತದೆ. ಎರಡನ್ನೂ ಹೋಲಿಸಿದರೆ ಸುಳ್ಳು! ಶಿವಮೊಗ್ಗ, ಕೋಲಾರ, ಮೈಸೂರು ಪದಗಳಲ್ಲೂ ಇದೇ ಸಾಧ್ಯತೆ ಇದೆ. ವೇರಿಯಬಲ್ ಹೆಸರಾದರೆ ಪೈಥಾನ್ ತಾನೇ ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಕೋಟ್ ಒಳಗಿನ ಪಠ್ಯವನ್ನು ಮುಟ್ಟುವುದಿಲ್ಲ. ಗ್ರಾಹಕರು ಬೇರೆ ಬೇರೆ ಕೀಬೋರ್ಡ್‌ನಿಂದ ಟೈಪ್ ಮಾಡುತ್ತಾರಲ್ಲ, ಹೋಲಿಸುವ ಮುಂಚೆ ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನ ನಾರ್ಮಲೈಸ್ ಬಳಸಿ, ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಹಿಂದೆ ಮುಂದೆ ಉಳಿದ ಸ್ಪೇಸ್ ತೆಗೆಯಲು ಸ್ಟ್ರಿಪ್ ಕೂಡ ಹಾಕಿ.

ಈಗ ಬೋಡ್‌ಮಾಸ್ ವಿಷಯ. ನಡೆಯುತ್ತದೆ, ಆದರೆ ಅದು ಇಡೀ ಮೆಟ್ಟಿಲಿನ ಒಂದೆರಡು ಹೆಜ್ಜೆ ಮಾತ್ರ. ಪೈಥಾನ್‌ನಲ್ಲಿ ಘಾತದ ಹಿಡಿತ ತುಂಬಾ ಬಿಗಿ. ಆಮೇಲೆ ಋಣ ಚಿಹ್ನೆ, ಗುಣಾಕಾರ ಭಾಗಾಕಾರ, ಕೂಡು ಕಳೆ, ಹೋಲಿಕೆ, ನಾಟ್ (ಅಲ್ಲ), ಆ್ಯಂಡ್ (ಮತ್ತು), ಕೊನೆಗೆ ಎಲ್ಲಕ್ಕಿಂತ ಸಡಿಲವಾಗಿ ಆರ್. ಈ ಮೆಟ್ಟಿಲನ್ನು ಪ್ರಕೃತಿ ಮಾಡಿಟ್ಟದ್ದಲ್ಲ, ಆಯಾ ಭಾಷೆ ಕಟ್ಟಿದವರು ಮಾಡಿದ್ದು. ಹಾಗಾಗಿ ಭಾಷೆಯಿಂದ ಭಾಷೆಗೆ ಬೇರೆ. ನಂಬಿಕೆ ಬರದಿದ್ದರೆ ಎಕ್ಸೆಲ್ ತೆರೆದು =-3^2 ಅಂತ ಹಾಕಿ. 9 ಬರುತ್ತದೆ. ಪೈಥಾನ್‌ನಲ್ಲಿ -3**2 ಹಾಕಿ. -9 ಬರುತ್ತದೆ. ಎಕ್ಸೆಲ್‌ನಲ್ಲಿ ಋಣ ಚಿಹ್ನೆ ಬಿಗಿ, ಪೈಥಾನ್‌ನಲ್ಲಿ ಘಾತ ಬಿಗಿ. ಜಾವಾಸ್ಕ್ರಿಪ್ಟ್ ಕಟ್ಟಿದವರು ಇದಕ್ಕೆ ಒಪ್ಪಲೇ ಇಲ್ಲ. -3**2 ಬರೆದರೆ ಅದು ತಪ್ಪು, ಬ್ರಾಕೆಟ್ ಹಾಕಿ ಬನ್ನಿ ಅನ್ನುತ್ತದೆ. ನನ್ನ ಮಟ್ಟಿಗೆ ಜಾವಾಸ್ಕ್ರಿಪ್ಟ್ ಮಾಡಿದ್ದೇ ಸರಿ. ಓದುವವರಿಗೆ ಎರಡು ಅರ್ಥ ಬರುವ ಕಡೆ ಯಂತ್ರ ನಿಂತು ಕೇಳಬೇಕು.

ಸಿ ಭಾಷೆಯಲ್ಲಿ ಇನ್ನೊಂದು ಹಳೆಯ ಕಥೆ ಇದೆ. ಅದರಲ್ಲಿ ಒಂಟಿ & ಚಿಹ್ನೆ ಎರಡು ಸಂಖ್ಯೆಗಳಲ್ಲೂ 1 ಇರುವ ಬಿಟ್‌ಗಳನ್ನು ಮಾತ್ರ ಉಳಿಸುತ್ತದೆ, ಅದರ ಹಿಡಿತ ಸಮ ಚಿಹ್ನೆಗಿಂತ ಸಡಿಲ. ಫ್ಲಾಗ್ & 4 == 0 ಅಂತ ಬರೆದರೆ ಮೊದಲು 4 ಮತ್ತು 0 ಸಮವೇ ಅಂತ ನೋಡುತ್ತದೆ, ಸುಳ್ಳು ಅಂದರೆ 0 ಬರುತ್ತದೆ. ಆ ಸೊನ್ನೆಯ ಜೊತೆ ಫ್ಲಾಗ್‌ಗೆ & ಹಾಕಿದರೆ ಯಾವಾಗಲೂ ಸೊನ್ನೆ. ಹೀಗೇಕೆ? ಸಿ ಹುಟ್ಟಿದ್ದು ಬಿ ಎಂಬ ಭಾಷೆಯಿಂದ. ಅಲ್ಲಿ ಒಂಟಿ & ಚಿಹ್ನೆಯೇ "ಮತ್ತು" ಎಂಬ ಷರತ್ತಿನ ಕೆಲಸವನ್ನೂ ಮಾಡುತ್ತಿತ್ತು, ಅದಕ್ಕೆ ಸಡಿಲ ಜಾಗವೇ ಸರಿಯಾಗಿತ್ತು. ಆಮೇಲೆ ಷರತ್ತಿಗೆಂದೇ ಜೋಡಿ && ಬಂತು. ಆದರೆ ಅಷ್ಟರಲ್ಲಿ ಬರೆದಿದ್ದ ಕೋಡ್ ಕೆಡಬಾರದು ಅಂತ ಒಂಟಿ ಚಿಹ್ನೆಯನ್ನು ಹಳೇ ಮೆಟ್ಟಿಲಿನಲ್ಲೇ ಬಿಟ್ಟರು. ಬದಲಿಸಿದ್ದರೇ ಒಳ್ಳೆಯದಿತ್ತು ಅಂತ ಸಿ ಕಟ್ಟಿದ ಡೆನಿಸ್ ರಿಚಿ ಅವರೇ ಆಮೇಲೆ ಬರೆದಿದ್ದಾರೆ. ಪೈಥಾನ್ ಇದನ್ನು ಸರಿಮಾಡಿಕೊಂಡಿದೆ.

ಅಂಕಿ, ಚಿಹ್ನೆಗಳ ಸಾಲಿನಿಂದ ಮರ ಹೇಗೆ ಎದ್ದು ನಿಲ್ಲುತ್ತದೆ ಅಂತ ನೋಡಬೇಕೆಂದರೆ ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಕರ್ ಡೈಕ್‌ಸ್ಟ್ರಾ 1961ರಲ್ಲಿ ವಿವರಿಸಿದ ವಿಧಾನ ಕೈಯಲ್ಲೇ ಮಾಡಿ ನೋಡಬಹುದು. ಅದಕ್ಕೆ ರೈಲ್ವೆ ಶಂಟಿಂಗ್ ಯಾರ್ಡ್‌ನ ಹೆಸರೇ ಇದೆ. ಬೋಗಿಗಳನ್ನು ಪಕ್ಕದ ಹಳಿಗೆ ಸರಿಸಿ, ಬೇಕಾದ ಕ್ರಮದಲ್ಲಿ ಮತ್ತೆ ಜೋಡಿಸುತ್ತಾರಲ್ಲ, ಹಾಗೆ. 2 + 3 * 4 ತೆಗೆದುಕೊಳ್ಳಿ. 2 ನೇರವಾಗಿ ಹೊರಗೆ ಹೋಗುತ್ತದೆ. + ಪಕ್ಕದ ಹಳಿಗೆ ಸರಿಯುತ್ತದೆ. 3 ನೇರ ಹೊರಗೆ. * ಬಂತು. ಪಕ್ಕದ ಹಳಿಯಲ್ಲಿರುವ + ಇದಕ್ಕಿಂತ ಸಡಿಲ, ಹಾಗಾಗಿ ಅದನ್ನು ಕದಲಿಸದೆ * ಅದರ ಮುಂದೆ ನಿಲ್ಲುತ್ತದೆ. 4 ನೇರ ಹೊರಗೆ. ಸಾಲು ಮುಗಿಯಿತು. ಪಕ್ಕದ ಹಳಿಯಿಂದ ಕೊನೆಗೆ ಬಂದದ್ದು ಮೊದಲು ಹೊರಡುತ್ತದೆ: ಮೊದಲು *, ಆಮೇಲೆ +. ಹೊರಗೆ ನಿಂತ ಸಾಲು ಹೀಗಿದೆ:

2 3 4 * +

2 * 3 + 4 ಆಗಿದ್ದರೆ? + ಬಂದಾಗ ಪಕ್ಕದ ಹಳಿಯಲ್ಲಿ ಬಿಗಿಯಾದ * ಇರುತ್ತದೆ. ಅದನ್ನು ಹೊರಗೆ ಕಳಿಸಿದ ಮೇಲೇ + ಒಳಗೆ ಬರುತ್ತದೆ. ಬ್ರಾಕೆಟ್ ತೆರೆದರೆ ಅಲ್ಲೊಂದು ಗೋಡೆ ಎದ್ದ ಹಾಗೆ, ಮುಚ್ಚುವವರೆಗೂ ಅದರಾಚೆ ಇರುವುದನ್ನು ಮುಟ್ಟುವಂತಿಲ್ಲ. ಪೈಥಾನ್ ಒಳಗೆ ವ್ಯಾಕರಣದ ನಿಯಮಗಳಿಂದ ಬೇರೆ ರೀತಿ ಮರ ಕಟ್ಟುತ್ತಾರೆ, ಬಿಗಿ ಸಡಿಲದ ಲೆಕ್ಕ ಮಾತ್ರ ಇದೇ.

2 3 4 * + ನೋಡಿ ವಿಚಿತ್ರ ಅನ್ನಿಸಿತಾ? ಕನ್ನಡದಲ್ಲಿ ಓದಿ. ಎರಡು ಇಟ್ಕೋ. ಮೂರನ್ನು ನಾಲ್ಕರಿಂದ ಗುಣಿಸು. ಅದಕ್ಕೆ ಇದನ್ನು ಕೂಡಿಸು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾವುದಕ್ಕೆ ಏನು ಮಾಡಬೇಕೋ ಅದನ್ನು ಮೊದಲು ಕೈಗೆ ಕೊಟ್ಟು, ಆಮೇಲೆ ಕೆಲಸ ಹೇಳುತ್ತೇವೆ. ಇದಕ್ಕೆ ಪೋಸ್ಟ್‌ಫಿಕ್ಸ್ ಅಂತಾರೆ. 1972ರಲ್ಲಿ ಬಂದ ಎಚ್‌ಪಿ-35 ಕ್ಯಾಲ್ಕುಲೇಟರ್ ಹೀಗೇ ಕೆಲಸ ಮಾಡುತ್ತಿತ್ತು, ಅದರಲ್ಲಿ ಸಮ ಚಿಹ್ನೆಯ ಬಟನ್ನೇ ಇರಲಿಲ್ಲ. ಪೈಥಾನ್ ಕೂಡ ಮರವನ್ನು ಕೊನೆಗೆ ಇಂಥದ್ದೇ ಸೂಚನೆಗಳ ಸಾಲಾಗಿ ಇಳಿಸುತ್ತದೆ. ಡಿಸ್ ಎಂಬ ಮಾಡ್ಯೂಲ್ ಬಳಸಿ ಅ + ಬ * ಕ ಕೊಟ್ಟು ನೋಡಿ. ಅ ಎತ್ತಿಕೋ, ಬ ಎತ್ತಿಕೋ, ಕ ಎತ್ತಿಕೋ, ಗುಣಿಸು, ಕೂಡಿಸು ಅನ್ನುವ ಅರ್ಥದ ಸಾಲುಗಳು ಕಾಣುತ್ತವೆ. ನೇರವಾಗಿ ಅಂಕಿ ಕೊಡಬೇಡಿ, ಓಡುವ ಮುಂಚೆಯೇ ಪೈಥಾನ್ ಲೆಕ್ಕ ಮುಗಿಸಿ 14 ಅಂತ ಇಟ್ಟುಬಿಟ್ಟಿರುತ್ತದೆ.

ಆ ಸಾಲುಗಳಲ್ಲಿ ಇನ್ನೂ ಒಂದು ಗಮನಿಸಿ. ಗುಣಾಕಾರ ಮೊದಲು ನಡೆದರೂ ಅ ಎತ್ತಿಕೊಂಡದ್ದು ಎಲ್ಲಕ್ಕಿಂತ ಮೊದಲು. ಯಾವುದು ಯಾರ ಪಾಲು ಅನ್ನುವುದು ಒಂದು ಪ್ರಶ್ನೆ, ಯಾವುದನ್ನು ಮೊದಲು ಮುಟ್ಟಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಪೈಥಾನ್, ಜಾವಾ ಎಡದಿಂದ ಬಲಕ್ಕೆ ಅಂತ ಮಾತು ಕೊಡುತ್ತವೆ. ಸಿ ಹೆಚ್ಚಿನ ಕಡೆ ಆ ಮಾತು ಕೊಡುವುದಿಲ್ಲ.

ಆ್ಯಂಡ್ ಮತ್ತು ಆರ್ ವಿಷಯದಲ್ಲಿ ಈ ಕ್ರಮ ತುಂಬಾ ಮುಖ್ಯ. ಉತ್ತರ ಎಡಗಡೆಯಲ್ಲೇ ತೀರ್ಮಾನವಾದರೆ ಅವು ಬಲಗಡೆ ನೋಡುವುದೇ ಇಲ್ಲ.

ಇಫ್ ಆರ್ಡರ್ != 0 ಆ್ಯಂಡ್ ಮೊತ್ತ / ಆರ್ಡರ್ > 500:

ಆರ್ಡರ್ ಸೊನ್ನೆ ಇದ್ದ ದಿನ ಎಡಗಡೆಯೇ ಸುಳ್ಳು, ಭಾಗಾಕಾರ ನಡೆಯುವುದೇ ಇಲ್ಲ. ಎರಡು ಭಾಗಗಳನ್ನು ಅದಲು ಬದಲು ಮಾಡಿ ನೋಡಿ, ಸೊನ್ನೆಯಿಂದ ಭಾಗಿಸಿದ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಶಾಲೆಯ ಗಣಿತದಲ್ಲಿ "ಅ ಮತ್ತು ಬ", "ಬ ಮತ್ತು ಅ" ಎರಡೂ ಒಂದೇ. ಇಲ್ಲಿ ಅಲ್ಲ. ಡೇಟಾಬೇಸ್‌ಗೆ ಕೇಳುವ ಎಸ್‌ಕ್ಯೂಎಲ್‌ನಲ್ಲಿ ಎಡದಿಂದ ಬಲಕ್ಕೆ ಎಂಬ ಭರವಸೆಯೂ ಇಲ್ಲ, ಅಲ್ಲಿ ಈ ಕಾವಲು ಕೆಲಸ ಮಾಡುತ್ತದೆ ಅಂತ ನಂಬಬೇಡಿ.

ಎಸ್‌ಕ್ಯೂಎಲ್ ಅಂದಾಗ ನನಗೆ ಒಂದು ಬೆಳಿಗ್ಗೆ ನೆನಪಾಗುತ್ತದೆ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಸಾಲದ ಕಂತು ಬಾಕಿ ಇರುವವರಿಗೆ ಮೆಸೇಜ್ ಕಳಿಸುವ ಷರತ್ತು ಬರೆಯುವುದು ನನ್ನ ಪಾಲಿಗೆ ಬಂತು. ಎರಡು ಜಿಲ್ಲೆ, ಬಾಕಿ ಇರುವವರು ಮಾತ್ರ. ನಾನು ಬರೆದದ್ದು ಇಷ್ಟು:

ಜಿಲ್ಲೆ = 'ಹಾಸನ' ಆರ್ ಜಿಲ್ಲೆ = 'ತುಮಕೂರು' ಆ್ಯಂಡ್ ಬಾಕಿ > 0

ನಿಮ್ಮ ಹಾಗೆ ಅರ್ಧ ಬರೆದಿರಲಿಲ್ಲ, ಜಿಲ್ಲೆ ಅಂತ ಎರಡು ಸಲ ಸರಿಯಾಗೇ ಬರೆದಿದ್ದೆ. ಆದರೆ ಆ್ಯಂಡ್‌ನ ಹಿಡಿತ ಆರ್‌ಗಿಂತ ಬಿಗಿ. "ಬಾಕಿ > 0" ತುಮಕೂರಿಗೆ ಮಾತ್ರ ಅಂಟಿಕೊಂಡಿತು. ಹಾಸನದ ಎಲ್ಲರಿಗೂ ಮೆಸೇಜ್ ಹೋಯಿತು, ಕಂತು ಕಟ್ಟಿ ಮುಗಿಸಿದವರಿಗೂ. ಹತ್ತು ಗಂಟೆಗೆ ಫೋನ್ ಶುರುವಾದವು. ಮಧ್ಯಾಹ್ನ ಒಬ್ಬ ಹಿರಿಯರು ಬಸ್ ಹತ್ತಿ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದ ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿಟ್ಟು, "ನೋಡಪ್ಪ, ಇದೂ ಕಟ್ಟಿದೀನಿ, ಇದೂ ಕಟ್ಟಿದೀನಿ" ಅಂದರು. ಅವರ ಕೈ ನಡುಗುತ್ತಿತ್ತು. ತಪ್ಪು ನನ್ನದು ಅಂತ ಅವರಿಗೆ ಹೇಳಿ, ಕ್ಷಮೆ ಕೇಳಿದೆ. ಬೇಕಿದ್ದದ್ದು ಎರಡು ಜಿಲ್ಲೆಗಳ ಸುತ್ತ ಒಂದು ಜೊತೆ ಬ್ರಾಕೆಟ್. ಆ ದಿನದಿಂದ ಆ್ಯಂಡ್, ಆರ್ ಎರಡೂ ಇರುವ ಸಾಲು ಕಂಡರೆ ನಾನು ಕಾಗದದ ಮೇಲೆ ಮರ ಬರೆಯದೆ ಮುಂದೆ ಹೋಗುವುದಿಲ್ಲ.

ನೀವೂ ಹಾಗೇ ಮಾಡಿ ಅನ್ನುವುದೇ ನನ್ನ ಮುಖ್ಯ ಮಾತು. ಸಾಲನ್ನು ಬಾಯಲ್ಲಿ ಓದಿದರೆ ಅರ್ಥ ನಮ್ಮ ತಲೆಯಿಂದ ಬರುತ್ತದೆ, ಸಾಲಿನಿಂದ ಅಲ್ಲ. ಮರ ಬರೆದರೆ ಸಾಲಿನಲ್ಲಿ ಇರುವುದಷ್ಟೇ ಕಾಣುತ್ತದೆ.

ಎರರ್ ಬರದೆ ತಪ್ಪು ನಡೆಯುವುದು ಎಷ್ಟು ಅಪಾಯ ಅನ್ನುವುದಕ್ಕೆ ಒಂದು ನಿಜ ಘಟನೆ ಇದೆ. 2003ರ ನವೆಂಬರ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೋಡ್ ಇಟ್ಟಿದ್ದ ಒಂದು ನಕಲು ಸರ್ವರ್‌ಗೆ ಯಾರೋ ನುಗ್ಗಿ ಎರಡು ಸಾಲು ಸೇರಿಸಿದರು. ನೋಡಲು ಸಾಮಾನ್ಯ ತಪಾಸಣೆ: ಇಂಥ ಆಯ್ಕೆಗಳು ಇದ್ದು, ಬಳಕೆದಾರರ ಗುರುತಿನ ಸಂಖ್ಯೆ ಸೊನ್ನೆ ಆಗಿದ್ದರೆ ಎರರ್ ಕೊಡು. ಆದರೆ ಸೊನ್ನೆಯ ಮುಂದೆ ಎರಡು ಸಮ ಚಿಹ್ನೆಯ ಬದಲು ಒಂದೇ ಇತ್ತು. ಸಿ ಭಾಷೆಯಲ್ಲಿ ಒಂದು ಸಮ ಚಿಹ್ನೆ ಹೋಲಿಸುವುದಿಲ್ಲ, ಬೆಲೆ ತುಂಬುತ್ತದೆ. ಬಳಕೆದಾರರ ಗುರುತಿನ ಸಂಖ್ಯೆ ಸೊನ್ನೆ ಆಯಿತು ಅಂದರೆ ರೂಟ್, ಅಂದರೆ ಇಡೀ ಯಂತ್ರದ ಯಜಮಾನಿಕೆ. ಇನ್ನೂ ಸೂಕ್ಷ್ಮ ಏನಂದರೆ, ಹಾಗೆ ತುಂಬಿದ ಬೆಲೆಯೇ ಆ ತುಣುಕಿನ ಉತ್ತರ. ಉತ್ತರ ಸೊನ್ನೆ, ಸೊನ್ನೆ ಅಂದರೆ ಸುಳ್ಳು. ಷರತ್ತು ಸುಳ್ಳಾದ್ದರಿಂದ ಎರರ್ ಬರುವುದೂ ಇಲ್ಲ. ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಂ) ಎಚ್ಚರಿಸದಿರಲಿ ಅಂತ ಸುತ್ತ ಬ್ರಾಕೆಟ್ ಕೂಡ ಹಾಕಿದ್ದರು. ಮುಖ್ಯ ಪ್ರತಿಗೂ ನಕಲಿಗೂ ತಾಳೆ ಆಗದೆ ಅದು ಬೇಗ ಸಿಕ್ಕಿಬಿತ್ತು. ಪೈಥಾನ್‌ನಲ್ಲಿ ಇಫ್ ಷರತ್ತಿನ ಒಳಗೆ ಒಂಟಿ ಸಮ ಚಿಹ್ನೆ ಹಾಕಿದರೆ ಸಿಂಟ್ಯಾಕ್ಸ್ ಎರರ್. ಬೇಕೆಂದೇ ಬೆಲೆ ತುಂಬುವವರಿಗೆ 2019ರಲ್ಲಿ, 3.8ನೇ ಆವೃತ್ತಿಯಲ್ಲಿ, := ಎಂಬ ಬೇರೆಯೇ ಚಿಹ್ನೆ ಕೊಟ್ಟರು.

ನಿಮ್ಮ ಅಂಗಡಿಯ ಪ್ರೋಗ್ರಾಂನಲ್ಲಿ ಇನ್ನೂ ಮೂರು ಕಡೆ ಇದೇ ಥರದ ತೊಂದರೆ ಬರಬಹುದು, ಬೇಗ ಹೇಳಿಬಿಡುತ್ತೇನೆ. ಬೆಲೆ ಬರದಿದ್ದರೆ 50 ಅಂತಿಟ್ಟುಕೋ ಅನ್ನಲು ಚಾರ್ಜ್ = ಬಂದದ್ದು ಆರ್ 50 ಅಂತ ಬರೆಯಬೇಡಿ. ನಿಜವಾಗಲೂ 0 ಬಂದಾಗಲೂ ಅದು 50 ಮಾಡಿಬಿಡುತ್ತದೆ. ಬಂದದ್ದು ನನ್ ಆಗಿದೆಯಾ ಅಂತಲೇ ಕೇಳಿ. ಫಾರಂನಿಂದ ಬರುವ "0" ಪಠ್ಯ, ಅಂಕಿ ಅಲ್ಲ. ಪೈಥಾನ್‌ನಲ್ಲಿ ಅದು ನಿಜ, ಪಿಎಚ್‌ಪಿ ಭಾಷೆಯಲ್ಲಿ ಸುಳ್ಳು. ಮತ್ತೆ ಹಣವನ್ನು ದಶಮಾಂಶದಲ್ಲಿ ಹೋಲಿಸಬೇಡಿ, 0.1 + 0.2 == 0.3 ಸುಳ್ಳು ಬರುತ್ತದೆ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ.

500 <= ಮೊತ್ತ <= 2000 ಅಂತ ಬರೆಯುವುದು ಪೈಥಾನ್‌ನಲ್ಲಿ ಸರಿ, ಗಣಿತದಲ್ಲಿ ಇದ್ದ ಹಾಗೇ ಅರ್ಥ. ಅದೇ ಸಾಲನ್ನು ಸಿ ಅಥವಾ ಜಾವಾಸ್ಕ್ರಿಪ್ಟ್‌ಗೆ ಒಯ್ದರೆ ಮೊದಲ ಹೋಲಿಕೆಯ ಉತ್ತರ 0 ಅಥವಾ 1 ಆಗಿ, ಅದು 2000ಕ್ಕಿಂತ ಕಡಿಮೆ ಇದೆಯಾ ಅಂತ ನೋಡುತ್ತವೆ. ಯಾವಾಗಲೂ ನಿಜ.

ಕೊನೆಯ ಪ್ರಶ್ನೆ, ಬ್ರಾಕೆಟ್ ಜಾಸ್ತಿ ಆದರೆ ನಿಧಾನವೇ? ಇಲ್ಲ. ಬ್ರಾಕೆಟ್ ಮರದ ಆಕಾರ ಹೇಳಲು ಮಾತ್ರ. ಮರ ಎದ್ದು ನಿಂತ ಮೇಲೆ ಬ್ರಾಕೆಟ್ ಎಲ್ಲೂ ಉಳಿಯುವುದಿಲ್ಲ. ಎಎಸ್‌ಟಿ ಎಂಬ ಮಾಡ್ಯೂಲ್‌ಗೆ ನಿಮ್ಮ ಸಾಲನ್ನು ಪಾರ್ಸ್ ಮಾಡಲು ಕೊಟ್ಟು, ಡಂಪ್ ಮಾಡಿಸಿ. 3.9ರಿಂದ ಈಚಿನ ಆವೃತ್ತಿಯಾದರೆ ಇಂಡೆಂಟ್ 4 ಅಂತ ಕೊಡಿ, ಮರ ಸಾಲು ಸಾಲಾಗಿ ಕಾಣುತ್ತದೆ. ಅ + ಬ * ಕ ಒಮ್ಮೆ ಕೊಡಿ, ಅ + (ಬ * ಕ) ಒಮ್ಮೆ ಕೊಡಿ. ಎರಡಕ್ಕೂ ಬರುವ ಮರದಲ್ಲಿ ಒಂದಕ್ಷರವೂ ವ್ಯತ್ಯಾಸ ಇರುವುದಿಲ್ಲ. ಆಮೇಲೆ ನಿಮ್ಮ ಡೆಲಿವರಿ ಸಾಲಿನ ಷರತ್ತನ್ನೂ (ಇಫ್ ಮತ್ತು ಕೊನೆಯ : ಬಿಟ್ಟು) ಕೊಟ್ಟು ನೋಡಿ, "ಮಂಡ್ಯ" ಎಲ್ಲಿ ಕೂತಿದೆ ಅಂತ ಕಣ್ಣಿಗೇ ಕಾಣುತ್ತದೆ.